ಕಣಿವೆಯ ಗಾಳಿ, ಗಣಕಯಂತ್ರದ ನಕ್ಷೆ



ಅಮೆರಿಕದ ವೆಸ್ಟ್ ವರ್ಜೀನಿಯಾ ಬೆಟ್ಟಗಳ ನಾಡು. ಅಲ್ಲಿನ ಕನಾವಾ ನದಿಯ ಇಕ್ಕೆಲಗಳಲ್ಲಿ, ಬೆಟ್ಟಸಾಲುಗಳ ನಡುವಿನ ಕಿರಿದಾದ ಬಯಲಿನಲ್ಲಿ, ರಾಸಾಯನಿಕ ಕಾರ್ಖಾನೆಗಳೂ ಊರುಗಳೂ ಒಂದಕ್ಕೊಂದು ಒತ್ತಿಕೊಂಡು ಬೆಳೆದಿವೆ. ಆ ಊರುಗಳಲ್ಲೊಂದರ ಹೆಸರು ಇನ್‌ಸ್ಟಿಟ್ಯೂಟ್. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಸೋರಿ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡಾಗ, ಲೋಕದ ದೃಷ್ಟಿ ಕೂಡಲೇ ಈ ಊರಿನತ್ತ ಹೊರಳಿತು. ಅಮೆರಿಕದಲ್ಲಿ ಅದೇ ವಿಷವನ್ನು ತಯಾರಿಸುತ್ತಿದ್ದ ಯೂನಿಯನ್ ಕಾರ್ಬೈಡ್ ಕಾರ್ಖಾನೆ ಇದ್ದುದು ಅಲ್ಲಿಯೇ.

ಕಾರ್ಖಾನೆ ಸುರಕ್ಷತೆಗಾಗಿ ಹಣ ಸುರಿಯಿತು. ಸೋರಿದ ಅನಿಲದ ಮೋಡ ಯಾವ ದಿಕ್ಕಿಗೆ, ಎಷ್ಟು ದೂರ ಸಾಗುವುದೆಂದು ಲೆಕ್ಕ ಹಾಕಿ ತೋರಿಸುವ ಗಣಕಯಂತ್ರವೂ ಅಲ್ಲಿತ್ತು. ಆ ಕಾಲಕ್ಕೆ ಅದು ಹೊಸತು. ಭೋಪಾಲದ ತರುವಾಯ ಭಯಗೊಂಡಿದ್ದ ಕಣಿವೆಯ ಜನರಿಗೆ ಅದನ್ನೊಂದು ಅಭಯಹಸ್ತವೆಂಬಂತೆ ತೋರಿಸಲಾಗಿತ್ತು.

1985ರ ಆಗಸ್ಟ್ 11, ಭಾನುವಾರ ಬೆಳಿಗ್ಗೆ ಆ ಕಾರ್ಖಾನೆಯಿಂದ ಮೋಡವೊಂದು ಹೊರಬಿದ್ದಿತು. ಅದು ಮೀಥೈಲ್ ಐಸೊಸೈನೇಟ್ ಆಗಿರಲಿಲ್ಲ. ಕೀಟನಾಶಕದ ತಯಾರಿಕೆಯಲ್ಲಿ ಬಳಸುವ ಆಲ್ಡಿಕಾರ್ಬ್ ಆಕ್ಸೈಮ್ ಎಂಬ ಬೇರೊಂದು ವಸ್ತು. ಗಣಕಯಂತ್ರದಲ್ಲಿ ಆ ವಸ್ತುವಿನ ವಿವರವನ್ನೇ ತುಂಬಿರಲಿಲ್ಲ. ಮೋಡ ಆವರಣ ದಾಟದೆಂಬ ನಂಬಿಕೆಯಲ್ಲಿ ಊರಿಗೆ ಎಚ್ಚರಿಕೆ ಕೊಡುವುದು ಸುಮಾರು ಇಪ್ಪತ್ತು ನಿಮಿಷ ತಡವಾಯಿತು. ಮೋಡ ಆವರಣವನ್ನು ದಾಟಿತು. 130ಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಪಡೆಯಬೇಕಾಯಿತು. ಯಾರೂ ಸಾಯಲಿಲ್ಲವೆಂಬುದು ಅದೃಷ್ಟ. ಅದರಲ್ಲಿ ಯಂತ್ರದ ಪಾಲು ಏನೂ ಇರಲಿಲ್ಲ.

ಈ ಘಟನೆಯನ್ನು ಯಂತ್ರದ ಸೋಲೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಯಂತ್ರ ಲೆಕ್ಕದಲ್ಲಿ ತಪ್ಪಲಿಲ್ಲ. ಅದಕ್ಕೆ ಯಾವ ವಸ್ತುವಿನ ಪರಿಚಯ ಮಾಡಿಸಬೇಕೆಂದು ನಿರ್ಧರಿಸಿದವರು, ಕಾರ್ಖಾನೆಯೊಳಗೆ ಏನೇನಿದೆಯೆಂಬುದನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತನಗೆ ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲವೆಂದು ಕೂಗಿ ಹೇಳುವ ಏರ್ಪಾಡೂ ಅದಕ್ಕೆ ಇರಲಿಲ್ಲ. ವಿಷದ ಸೋರಿಕೆಯನ್ನು ಅಂದಾಜು ಮಾಡುವ ತಂತ್ರಾಂಶವನ್ನು ರೂಪಿಸುವವರ ಮುಂದಿರುವ ನಿಜವಾದ ಪ್ರಶ್ನೆ ಗಣಿತದ್ದಲ್ಲ. ಯಾರನ್ನು ಏನು ಕೇಳಬೇಕು, ಉತ್ತರ ಬಾರದಿದ್ದಾಗ ಪರದೆಯ ಮೇಲೆ ಏನನ್ನು ತೋರಿಸಬೇಕು ಎಂಬುದೇ ಆ ಪ್ರಶ್ನೆ. ಮಲೆನಾಡಿನ ಕಣಿವೆಗಳಲ್ಲಿ ಬದುಕುವವರಿಗೆ ಇದರಲ್ಲಿ ದೂರದ ಕುತೂಹಲಕ್ಕಿಂತ ಹೆಚ್ಚಿನದಿದೆ.

ಅದೇ ಎಂಬತ್ತರ ದಶಕದಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ತನ್ನ ಸಿಯಾಟಲ್ ನಗರದ ಕಚೇರಿಯಲ್ಲಿ ಕ್ಯಾಮಿಯೋ ಎಂಬ ತಂತ್ರಾಂಶವನ್ನು ಸಿದ್ಧಪಡಿಸತೊಡಗಿತು. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಅದಕ್ಕೆ ಜೊತೆಯಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅದನ್ನು ರೂಪಿಸುವಾಗ ಸಿಯಾಟಲ್‌ನ ಅಗ್ನಿಶಾಮಕ ಸಿಬ್ಬಂದಿಯ ನೆರವು ಪಡೆಯಲಾಗಿತ್ತು. ಟ್ಯಾಂಕರ್ ಉರುಳಿದಲ್ಲಿಗೆ ಮೊದಲು ಓಡುವವರು ಅವರು. ಅವರ ಬಳಿ ವಾಯುವಿಜ್ಞಾನದ ಪದವಿ ಇರುವುದಿಲ್ಲ, ಪುಟಗಟ್ಟಲೆ ಓದುವ ಸಮಯವಂತೂ ಇಲ್ಲವೇ ಇಲ್ಲ. ತಂತ್ರಾಂಶ ಮೊದಲು ಬಂದುದು ಆಪಲ್ ಕಂಪನಿಯ ಮ್ಯಾಕಿಂತಾಶ್ ಯಂತ್ರಗಳಲ್ಲಿ. ಅಕ್ಷರದ ಆಜ್ಞೆಗಳನ್ನು ಬಾಯಿಪಾಠ ಮಾಡದೆ ಚಿತ್ರವನ್ನು ಒತ್ತಿ ಕೆಲಸ ಮಾಡಿಸಬಹುದಾದ ಯಂತ್ರ ಅಂದು ಅದಾಗಿತ್ತು. 1986ರಲ್ಲಿ ಅಮೆರಿಕದಲ್ಲಿ ಬಂದ ಕಾನೂನು, ಯಾವ ಕಾರ್ಖಾನೆಯಲ್ಲಿ ಯಾವ ವಿಷ ಎಷ್ಟಿದೆಯೆಂದು ಸ್ಥಳೀಯ ಸಮಿತಿಗಳಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಆ ಪಟ್ಟಿಗಳಿಲ್ಲದಿದ್ದರೆ ತಂತ್ರಾಂಶವೆಂಬುದು ಅಕ್ಕಿಯಿಲ್ಲದ ಮಡಕೆ.

ಕ್ಯಾಮಿಯೋದ ಅಂಗವಾಗಿ ಅಲೋಹಾ ಎಂಬ ಭಾಗವಿದೆ. ಗಾಳಿಗೆ ಸೇರಿದ ವಿಷ ಎತ್ತ ಸಾಗುತ್ತದೆಂದು ನಕ್ಷೆ ಬಿಡಿಸುವುದು ಅದರ ಕೆಲಸ. ಇಂದಿಗೂ ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದು ಬಳಸುವವನೊಡನೆ ಸಂವಾದ ನಡೆಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಮೊದಲು ಅದು ಊರನ್ನೂ ದಿನಾಂಕವನ್ನೂ ಹೊತ್ತನ್ನೂ ಕೇಳುತ್ತದೆ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ತಿಳಿಯುವುದಕ್ಕೆ ಇದು ಬೇಕು. ಬಳಿಕ ವಸ್ತುವಿನ ಹೆಸರು. ಸುಮಾರು ಒಂದು ಸಾವಿರ ರಾಸಾಯನಿಕಗಳ ಗುಣಗಳು ಅದರಲ್ಲಿ ಅಡಕವಾಗಿವೆ. ಅನಂತರ ಗಾಳಿ ಎತ್ತಣಿಂದ, ಎಷ್ಟು ವೇಗದಲ್ಲಿ ಬೀಸುತ್ತಿದೆ, ನೆಲ ಬಯಲೋ ಕಾಡೋ ನೀರೋ, ಆಕಾಶದ ಹತ್ತರಲ್ಲಿ ಎಷ್ಟು ಪಾಲು ಮೋಡ, ಉಷ್ಣತೆ ಎಷ್ಟು, ತೇವ ಎಷ್ಟು. ಕಡೆಗೆ ಸೋರಿಕೆಯ ಬಗೆ: ತೊಟ್ಟಿಯಲ್ಲಿ ತೂತಾಗಿದೆಯೋ, ದ್ರವ ನೆಲದ ಮೇಲೆ ಮಡುಗಟ್ಟಿ ಆವಿಯಾಗುತ್ತಿದೆಯೋ, ಕೊಳವೆ ಒಡೆದಿದೆಯೋ. ಹಿಂದಿನ ಉತ್ತರ ಬಾರದೆ ಮುಂದಿನ ಬಾಗಿಲು ತೆರೆಯದು. ಅಸಂಭವವಾದ ಅಂಕಿಯನ್ನು ಕೊಟ್ಟರೆ ಅದು ಒಪ್ಪುವುದಿಲ್ಲ. ಉತ್ತರವಾಗಿ ಕೆಂಪು, ಕಿತ್ತಳೆ, ಹಳದಿ ಬಣ್ಣದ ಮೂರು ವಲಯಗಳು ಮೂಡುತ್ತವೆ. ಕ್ಲೋರಿನ್‌ನ ವಿಷಯದಲ್ಲಿ, ಒಂದು ಗಂಟೆ ಉಸಿರಾಡಿದರೆ ಪ್ರಾಣಾಪಾಯವೆಂದು ಎಣಿಸುವ ಪ್ರಮಾಣ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು; ದೇಹಕ್ಕೆ ಮಾಸದ ಹಾನಿಯಾಗುವ ಅಥವಾ ತಪ್ಪಿಸಿಕೊಳ್ಳುವ ಶಕ್ತಿಯೇ ಕುಂದುವ ಪ್ರಮಾಣ 2 ಪಾಲು; ಕಿರಿಕಿರಿ ತೊಡಗುವ ಪ್ರಮಾಣ ಅರ್ಧ ಪಾಲು. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಬಳಸುವ ಕ್ಲೋರಿನ್ ಇದೇ.

ಈ ಪ್ರಶ್ನೆಗಳ ಹಿಂದಿರುವ ವಿಜ್ಞಾನ ಮಲೆನಾಡಿನವರಿಗೆ ಹೊಸತಲ್ಲ. ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಕಂಡವರಿಗೆ ಅದು ಗೊತ್ತು. ಬಿಸಿಲೇರಿದ ಮಧ್ಯಾಹ್ನ ಹೊಗೆ ಮೇಲಕ್ಕೆದ್ದು ಚದುರಿ ಕಾಣದಾಗುತ್ತದೆ. ಅದೇ ಒಲೆಯ ಹೊಗೆ ಚಳಿಗಾಲದ ನಸುಕಿನಲ್ಲಿ ಮೇಲೇಳದೆ ತೋಟದ ನೆತ್ತಿಯ ಮೇಲೆ ಹಾಸಿದ ಕಂಬಳಿಯಂತೆ ಮಲಗಿರುತ್ತದೆ. ಬ್ರಿಟನ್ನಿನ ವಾಯುವಿಜ್ಞಾನಿ ಫ್ರಾಂಕ್ ಪಾಸ್ಕ್ವಿಲ್ 1961ರಲ್ಲಿ ಈ ವ್ಯತ್ಯಾಸವನ್ನು ಎ ಯಿಂದ ಎಫ್ ವರೆಗಿನ ಆರು ವರ್ಗಗಳಾಗಿ ವಿಂಗಡಿಸಿದನು. ಮಧ್ಯಾಹ್ನದ ಹೊಗೆ ಎ ವರ್ಗದ ಕಡೆಗೆ, ನಸುಕಿನ ಹೊಗೆ ಎಫ್ ವರ್ಗದ ಕಡೆಗೆ. ಅಲೋಹಾ ಹೊತ್ತನ್ನೂ ಮೋಡವನ್ನೂ ಗಾಳಿಯ ವೇಗವನ್ನೂ ಕೇಳುವುದು ಈ ವರ್ಗವನ್ನು ಗುರುತಿಸುವುದಕ್ಕೆ. ಒಂದೇ ತೊಟ್ಟಿಯ ಒಂದೇ ತೂತು ಮಧ್ಯಾಹ್ನಕ್ಕಿಂತ ರಾತ್ರಿಯಲ್ಲಿ ಬಹಳ ಹೆಚ್ಚು ದೂರದ ಜನರನ್ನು ಮುಟ್ಟುತ್ತದೆ. ಭೋಪಾಲದ ಸೋರಿಕೆ ನಡೆದುದು ಚಳಿಗಾಲದ ನಡುರಾತ್ರಿಯಲ್ಲಿ ಎಂಬುದನ್ನು ಮರೆಯಬಾರದು.

ಈ ತಂತ್ರಾಂಶದ ಎರಡು ಗುಣಗಳು ಅದರ ಗಣಿತಕ್ಕಿಂತ ಹೆಚ್ಚು ಮೆಚ್ಚತಕ್ಕವು. ವಲಯದ ಇಬ್ಬದಿಯಲ್ಲಿ ಅದು ತುಂಡುಗೆರೆಗಳನ್ನು ಎಳೆಯುತ್ತದೆ. ಗಾಳಿ ಅತ್ತಿತ್ತ ಹೊರಳಿದರೆ ಮೋಡ ಇಷ್ಟು ಅಗಲದೊಳಗೆ ಎಲ್ಲಿ ಬೇಕಾದರೂ ಹೋಗಬಹುದು ಎಂಬುದು ಆ ಗೆರೆಗಳ ಅರ್ಥ. ಗಾಳಿ ಮಂದವಾದಷ್ಟೂ ಗೆರೆಗಳು ಅಗಲವಾಗುತ್ತವೆ; ತೀರಾ ಮಂದವಾದರೆ ಅವು ಕೂಡಿಕೊಂಡು ವೃತ್ತವೇ ಆಗಿಬಿಡುತ್ತದೆ. ಎತ್ತ ಹೋಗುವುದೋ ಹೇಳಲಾಗದು, ಸುತ್ತಲಿನವರೆಲ್ಲ ಎಚ್ಚರದಿಂದಿರಬೇಕು ಎಂಬ ಮಾತನ್ನು ಅಕ್ಷರವಿಲ್ಲದೆ ಹೇಳುವ ರೀತಿ ಅದು. ಎರಡನೆಯದಾಗಿ, ಸೋರಿಕೆಯ ಬಾಯಿಗೆ ತೀರ ಸಮೀಪದಲ್ಲಿ ಮೋಡ ತೇಪೆತೇಪೆಯಾಗಿರುತ್ತದೆ. ಅಲ್ಲಿಯ ಲೆಕ್ಕ ನಂಬಲರ್ಹವಲ್ಲ. ಅಂತಹ ಸಂದರ್ಭದಲ್ಲಿ ಅಲೋಹಾ ಚಿತ್ರ ಬಿಡಿಸಲು ನಿರಾಕರಿಸಿ, ಏಕೆ ಬಿಡಿಸಲಿಲ್ಲವೆಂಬ ಕಾರಣವನ್ನು ಬರೆದು ತೋರಿಸುತ್ತದೆ. ಪರದೆಯ ಮೇಲೆ ಒಂದು ಸುಂದರವಾದ ಆಕೃತಿಯನ್ನು ತೋರಿಸಿ ನೋಡುವವನನ್ನು ತೃಪ್ತಿಪಡಿಸುವುದು ಸುಲಭವಿತ್ತು. ಅದನ್ನು ಮಾಡದಿರುವುದಕ್ಕೆ ಧೈರ್ಯ ಬೇಕು. ತಂತ್ರಾಂಶಗಳನ್ನು ಮಾರಿ ಬದುಕುವವರಲ್ಲಿ ಈ ಧೈರ್ಯ ಅಪರೂಪ.

ಇಷ್ಟಾದರೂ ಅದರ ಮಿತಿಗಳನ್ನು ಕೇಳಿದರೆ ಘಟ್ಟದವರು ಎಚ್ಚರಗೊಳ್ಳಬೇಕು. ಮಿತಿಗಳನ್ನು ಹೇಳಿದವರು ಅದನ್ನು ರೂಪಿಸಿದವರೇ. ಅಲೋಹಾ ನೆಲವನ್ನು ಸಪಾಟೆಂದು ಭಾವಿಸುತ್ತದೆ. ಬೆಟ್ಟ ಗಾಳಿಯನ್ನು ತಿರುಗಿಸುವುದು ಅದಕ್ಕೆ ತಿಳಿಯದು. ನೆಲದಿಂದ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆ ವೇಗದ ಗಾಳಿಯನ್ನು ಅದು ಸ್ವೀಕರಿಸದು. 10 ಕಿಲೋಮೀಟರಿನಾಚೆಗೂ ಒಂದು ಗಂಟೆಯಾಚೆಗೂ ಅದು ಏನನ್ನೂ ಹೇಳದು. ಮಿಶ್ರಣಗಳ ಲೆಕ್ಕ ಅದಕ್ಕೆ ಬಾರದು. ಮಂದಗಾಳಿ, ನಿಶ್ಚಲವಾದ ನಸುಕು, ಬೆಟ್ಟದ ತಿರುವು — ಎಲ್ಲಿ ಅಪಾಯ ಹೆಚ್ಚೋ ಅಲ್ಲಿಯೇ ಅದರ ಮಾತು ದುರ್ಬಲ. ಅಂದರೆ ಶಿರಾಡಿ, ಚಾರ್ಮಾಡಿ, ಆಗುಂಬೆಗಳ ತಪ್ಪಲಿನ ಒಂದು ಸಾಮಾನ್ಯ ಚಳಿಗಾಲದ ಮುಂಜಾವು ಹೇಗಿರುತ್ತದೆಯೋ ಹಾಗೆ.

ಕಣಿವೆಯಲ್ಲಿ ಗಾಳಿಗೆ ತನ್ನದೇ ದಿನಚರಿಯಿದೆ. ರಾತ್ರಿ ಬೆಟ್ಟದ ಮೈ ತಣಿದಾಗ ತಣ್ಣನೆಯ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಿಸಿಲು ಬಿದ್ದ ಬಳಿಕ ಮುಚ್ಚಳ ತೆರೆದು ಗಾಳಿ ಬೆಟ್ಟದ ಮೇಲಕ್ಕೆ ಏರತೊಡಗುತ್ತದೆ. 1948ರ ಅಕ್ಟೋಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕಣಿವೆಯ ಊರಿನಲ್ಲಿ ಈ ಮುಚ್ಚಳ ದಿನಗಟ್ಟಲೆ ತೆರೆಯಲಿಲ್ಲ. ಸತುವಿನ ಕಾರ್ಖಾನೆಯ ಹೊಗೆ ಅಲ್ಲಿಯೇ ನಿಂತು 20 ಮಂದಿ ಸತ್ತರು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ತಾನಾಗಿಯೇ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. 2005ರ ಜನವರಿ 6ರ ನಸುಕಿನಲ್ಲಿ ಸೌತ್ ಕೆರೊಲೈನಾದ ಗ್ರ್ಯಾನಿಟ್‌ವಿಲ್ ಎಂಬಲ್ಲಿ ಗೂಡ್ಸ್ ರೈಲು ಅಪಘಾತಕ್ಕೀಡಾಗಿ ಸುಮಾರು 60 ಟನ್ ಕ್ಲೋರಿನ್ ಹೊರಬಂದಿತು. 9 ಮಂದಿ ಸತ್ತರು, 5,000ಕ್ಕೂ ಹೆಚ್ಚು ಜನರನ್ನು ಮನೆಗಳಿಂದ ತೆರವುಗೊಳಿಸಬೇಕಾಯಿತು. ಆ ಊರು ಇದ್ದುದೂ ತಗ್ಗಿನಲ್ಲಿಯೇ.

ಇನ್ನೊಂದು ಸಣ್ಣ ಪ್ರಶ್ನೆಯನ್ನು ಅಲೋಹಾ ಕೇಳುತ್ತದೆ: ಜನರು ಇರುವ ಕಟ್ಟಡ ಒಂದಂತಸ್ತಿನದೋ, ಎರಡಂತಸ್ತಿನದೋ, ಅಥವಾ ಪೂರ್ಣ ಮುಚ್ಚಿದ ಕಚೇರಿಯೋ? ಅದರಿಂದ ಹೊರಗಿನ ವಿಷ ಒಳಗೆ ಎಷ್ಟು ಬೇಗ ಸೇರುತ್ತದೆಂದು ಲೆಕ್ಕ ಹಾಕಿ, ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಬೇರೆ ಬೇರೆ ರೇಖೆಗಳನ್ನು ತೋರಿಸುತ್ತದೆ. ಕಿಟಕಿ ಬಾಗಿಲು ಮುಚ್ಚಿ ಒಳಗೇ ಇರಿ ಎಂಬ ಸಲಹೆಗೆ ಆಧಾರ ಇಂತಹ ಲೆಕ್ಕವೇ. ಚಳಿದೇಶದ ಬಿಗಿಯಾದ ಮನೆಗೆ ಅದು ಸಲ್ಲುತ್ತದೆ. ತೊಟ್ಟಿಯ ಮನೆಗೆ, ಗೋಡೆಗೂ ಹೆಂಚಿಗೂ ನಡುವೆ ಕೈ ತೂರುವಷ್ಟು ಸಂದಿರುವ ಮನೆಗೆ, ಸೋಗೆಯ ಸೂರಿಗೆ ಸಲ್ಲುವುದೆ? ಆ ಪಟ್ಟಿಯಲ್ಲಿ ನಾಲ್ಕನೆಯ ಬಗೆಯ ಮನೆಯಿಲ್ಲ. ಇಲ್ಲದಿರುವುದು ಸಹಜ, ಸಿಯಾಟಲ್‌ನಲ್ಲಿ ತೊಟ್ಟಿಮನೆಗಳಿಲ್ಲ. ಆದರೆ ಆ ಸಲಹೆಯನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ಕರಪತ್ರದಲ್ಲಿ ಅಚ್ಚು ಹಾಕಿದರೆ ಜನರನ್ನು ಸಾವಿನ ಕೋಣೆಯಲ್ಲಿ ಕೂರಿಸಿದಂತೆ ಆದೀತು.

ಈಗ ಪುನಃ ಕನಾವಾ ಕಣಿವೆಗೆ. 2014ರ ಜನವರಿ 9ರ ಬೆಳಿಗ್ಗೆ, ಅಲ್ಲಿಯ ರಾಜಧಾನಿ ಚಾರ್ಲ್‌ಸ್ಟನ್‌ನಲ್ಲಿ ಎಲ್ಕ್ ನದಿಯ ಬಳಿಯವರಿಗೆ ಜ್ಯೇಷ್ಠಮಧುವಿನಂತಹ ಸಿಹಿವಾಸನೆ ಬಡಿಯಿತು. ಅವರ ದೂರಿನ ಮೇಲೆ ಅಧಿಕಾರಿಗಳು ಹುಡುಕಿದಾಗ, ಫ್ರೀಡಂ ಇಂಡಸ್ಟ್ರೀಸ್ ಎಂಬ ಕಂಪನಿಯ ತೊಟ್ಟಿಯಿಂದ ಕಲ್ಲಿದ್ದಲು ತೊಳೆಯಲು ಬಳಸುವ ರಾಸಾಯನಿಕ ನದಿಗೆ ಹರಿಯುತ್ತಿತ್ತು. ಸೋರಿದುದು ಸುಮಾರು 38,000 ಲೀಟರ್. ನಗರದ ನೀರೆತ್ತುವ ಸ್ಥಾವರ ಅಲ್ಲಿಂದ ಎರಡೂವರೆ ಕಿಲೋಮೀಟರಿನಷ್ಟೂ ದೂರವಿರಲಿಲ್ಲ. ಸುಮಾರು 3 ಲಕ್ಷ ಜನರಿಗೆ ನಲ್ಲಿಯ ನೀರನ್ನು ಮುಟ್ಟಬೇಡಿ ಎಂದು ಹೇಳಬೇಕಾಯಿತು. ಆ ತೊಟ್ಟಿಯಲ್ಲಿ ಏನಿದೆಯೆಂಬ ವರದಿ 1986ರ ಕಾನೂನಿನಂತೆ ಸಲ್ಲಿಕೆಯಾಗಿಯೇ ಇತ್ತು. ಆ ವಸ್ತುವಿನ ಸುರಕ್ಷತಾ ಪತ್ರದಲ್ಲಿ ಮಾತ್ರ ಸಾಲುಸಾಲಾಗಿ ಒಂದೇ ಉತ್ತರ: ಮಾಹಿತಿ ಲಭ್ಯವಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಅಂತರದಲ್ಲಿ ಅದೇ ಕಣಿವೆಯಲ್ಲಿ ಅದೇ ಖಾಲಿ ಚೌಕ ಮತ್ತೆ ಕಾಣಿಸಿಕೊಂಡಿತು. ವಿಷವನ್ನು ಮೊದಲು ಪತ್ತೆ ಮಾಡಿದುದು ಯಂತ್ರವಲ್ಲ, ಮೂಗು.

ಶಿರಾಡಿ ಘಟ್ಟದ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಪಣಂಬೂರಿನ ಕಡೆಯಿಂದ ಅಡುಗೆ ಅನಿಲದ, ಪೆಟ್ರೋಲಿನ ಟ್ಯಾಂಕರುಗಳು ಘಟ್ಟ ಹತ್ತುತ್ತವೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡು ರಸ್ತೆಬದಿಯ ಮನೆಗಳ ಜನ ಸುಟ್ಟುಹೋದರು. ಅಡುಗೆ ಅನಿಲವೂ ಗಾಳಿಗಿಂತ ಭಾರ. ಅದೂ ತಗ್ಗಿಗೆ ಇಳಿಯುತ್ತದೆ, ಕಿಡಿಯೊಂದು ಸಿಗುವವರೆಗೆ. ಘಟ್ಟದಲ್ಲಿ ಹೆದ್ದಾರಿಯ ಮಗ್ಗುಲಲ್ಲಿಯೇ ಕೆಂಪುಹೊಳೆ ಹರಿಯುತ್ತದೆ. ಕೆಂಪುಹೊಳೆ ಗುಂಡ್ಯ ಹೊಳೆಗೆ, ಅದು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಮಂಗಳೂರು ನೀರು ಕುಡಿಯುತ್ತದೆ. ಘಟ್ಟದ ತಿರುವಿನಲ್ಲಿ ಚೆಲ್ಲಿದ ದ್ರವಕ್ಕೆ ದಾರಿ ಸಿದ್ಧವಾಗಿಯೇ ಇದೆ. ಹೊಳೆಯಲ್ಲಿ ಹರಿಯುವ ವಿಷದ ಲೆಕ್ಕ ಅಲೋಹಾದ ಕೆಲಸವಲ್ಲ. ಅದು ಗಾಳಿಯನ್ನಷ್ಟೇ ಬಲ್ಲದು.

ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. 1996ರ ರಾಸಾಯನಿಕ ಅವಘಡಗಳ ನಿಯಮಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ತಂಡವನ್ನೂ ಕೈಗಾರಿಕಾ ಪ್ರದೇಶಗಳಿಗೆ ಸ್ಥಳೀಯ ತಂಡಗಳನ್ನೂ ಕಡ್ಡಾಯಗೊಳಿಸಿವೆ. ಸ್ಥಳೀಯ ತಂಡದಲ್ಲಿ ಊರಿನ ಮುಖಂಡರಿಗೂ ಸ್ವಯಂಸೇವಾ ಸಂಸ್ಥೆಗೂ ಜಾಗವಿದೆ. ಆದರೆ ಕೈಗಾರಿಕಾ ಪ್ರದೇಶವೆಂದರೆ ಕಾರ್ಖಾನೆಯ ಸುತ್ತಲಿನ ನೆಲ. ಟ್ಯಾಂಕರ್ ಹಾದುಹೋಗುವ ಘಟ್ಟದ ಊರು ಆ ವೃತ್ತದೊಳಗೆ ಬೀಳುವುದಿಲ್ಲ.

ಹಾಗಾದರೆ ಘಟ್ಟಕ್ಕೆ ತಕ್ಕ ತಂತ್ರಾಂಶ ಹೇಗಿರಬೇಕು? ಇಂಜಿನಿಯರಿಂಗ್ ಓದುತ್ತಿರುವ ಮಿತ್ರರು ಇದನ್ನು ತಮ್ಮ ಅಂತಿಮ ವರ್ಷದ ಕೆಲಸವಾಗಿ ಎತ್ತಿಕೊಳ್ಳಬಹುದು. ಅಲೋಹಾದ ಸಮೀಕರಣಗಳನ್ನು ಮತ್ತೆ ಬರೆಯುವ ಅಗತ್ಯವಿಲ್ಲ, ಅವು ಬಹಿರಂಗವಾಗಿವೆ. ಬದಲಿಸಬೇಕಾದುದು ಪ್ರಶ್ನೆಗಳನ್ನು. ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಘಟ್ಟದ ಚಹಾ ಅಂಗಡಿಯವನನ್ನು ಕೇಳಿದರೆ ಅವನೇನು ಹೇಳಿಯಾನು? ಮಂಜು ಕವಿದಿದೆಯೆ, ಒಲೆಯ ಹೊಗೆ ಮಲಗಿದೆಯೋ ಏಳುತ್ತಿದೆಯೋ, ಹೊಳೆಯ ಕಡೆಗೆ ಬಾಗಿದೆಯೋ ಗುಡ್ಡದ ಕಡೆಗೋ ಎಂದು ಕೇಳಿದರೆ ಅರೆಗಳಿಗೆಯಲ್ಲಿ ಹೇಳುತ್ತಾನೆ. ಪಾಸ್ಕ್ವಿಲ್‌ನ ವರ್ಗವನ್ನು ಗುರುತಿಸಲು ಅಷ್ಟು ಬಹುಮಟ್ಟಿಗೆ ಸಾಕು. ಟ್ಯಾಂಕರಿನ ಹಿಂಬದಿಯ ಫಲಕದಲ್ಲಿ ನಾಲ್ಕು ಅಂಕಿಯ ವಿಶ್ವಸಂಸ್ಥೆಯ ಸಂಖ್ಯೆಯಿರುತ್ತದೆ. ಕ್ಲೋರಿನ್‌ಗೆ 1017, ಅಮೋನಿಯಕ್ಕೆ 1005, ಅಡುಗೆ ಅನಿಲಕ್ಕೆ 1075, ಪೆಟ್ರೋಲಿಗೆ 1203. ವಸ್ತುವಿನ ಹೆಸರು ಓದಲು ಬಾರದವನೂ ಅಂಕಿಗಳನ್ನು ದೂರದಿಂದ ಓದಿ ಹೇಳಬಲ್ಲ. ಸ್ಥಳಕ್ಕೆ ಕಿಲೋಮೀಟರ್ ಕಲ್ಲು. ಉತ್ತರವಾಗಿ ಬಣ್ಣದ ವೃತ್ತ ಬೇಡ. ಆ ಕಲ್ಲಿನಿಂದ ಕೆಳಗೆ ಯಾವ ಹಳ್ಳ, ಆ ಹಳ್ಳದಗುಂಟ ಯಾವ ಯಾವ ಮನೆಗಳು, ಅವರು ಏರಬೇಕಾದ ದಿಬ್ಬ ಯಾವುದು, ನೀರೆತ್ತುವುದನ್ನು ಯಾರು ನಿಲ್ಲಿಸಬೇಕು ಎಂಬ ಹೆಸರುಗಳು ಬೇಕು. ಗೊತ್ತಿಲ್ಲದ ಸಂಖ್ಯೆ ಬಂದರೆ ಯಂತ್ರ ಸುಮ್ಮನಿರಬಾರದು. ಗೊತ್ತಿಲ್ಲ, ಅತಿ ಕೆಟ್ಟದ್ದೆಂದೇ ತಿಳಿದು ಎಲ್ಲರನ್ನೂ ಎಬ್ಬಿಸಿ ಎಂದು ಕನ್ನಡದಲ್ಲಿ ಬರೆಯಬೇಕು.

ಘಟ್ಟದ ಎಷ್ಟೋ ತಿರುವುಗಳಲ್ಲಿ ಮೊಬೈಲ್ ಸಂಕೇತ ಸಿಗದು, ಮಳೆಗಾಲದಲ್ಲಿ ವಿದ್ಯುತ್ತೂ ಇಲ್ಲ. ಇದಕ್ಕೂ ಅಮೆರಿಕದಲ್ಲಿಯೇ ಒಂದು ಮಾದರಿಯಿದೆ. ಅಲ್ಲಿಯ ತುರ್ತು ಕೈಪಿಡಿಯ ಹಸಿರು ಪುಟಗಳಲ್ಲಿ, ಮೊದಲೇ ಗಣಕಯಂತ್ರದಿಂದ ಲೆಕ್ಕ ಮಾಡಿದ ಅಂತರಗಳನ್ನು ಹಗಲಿಗೆ ಬೇರೆ, ರಾತ್ರಿಗೆ ಬೇರೆಯಾಗಿ ಕೋಷ್ಟಕದಲ್ಲಿ ಅಚ್ಚು ಹಾಕಿರುತ್ತಾರೆ. ಹಾಗೆಯೇ ಘಟ್ಟದ ಒಂದೊಂದು ಕಲ್ಲಿಗೂ ಉತ್ತರಗಳನ್ನು ಮೊದಲೇ ತೆಗೆದು, ಒಂದು ಹಾಳೆಯಲ್ಲಿ ಮುದ್ರಿಸಿ, ಚೆಕ್‌ಪೋಸ್ಟಿನಲ್ಲೂ ಶಾಲೆಯಲ್ಲೂ ಚಹಾ ಅಂಗಡಿಯಲ್ಲೂ ತೂಗುಹಾಕಬಹುದು.

ಅದಕ್ಕೆ ಬೇಕಾದ ಗಾಳಿಯ ದಾಖಲೆ ಮಾತ್ರ ಯಾವ ಕಚೇರಿಯಲ್ಲೂ ಸಿಕ್ಕದು. ಕಣಿವೆಯ ಪ್ರೌಢಶಾಲೆಗಳ ಮಕ್ಕಳು ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ಒಲೆಯ ಹೊಗೆ ಎತ್ತ ಬಾಗಿತ್ತು, ಮಂಜು ಎಷ್ಟು ಗಂಟೆಗೆ ಎದ್ದಿತು ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಒಂದು ವರ್ಷದ ಬರಹವಾದರೂ ಬೇಕು. ಆಷಾಢದ ಜಡಿಮಳೆಯಲ್ಲಿ ಕೆಲವು ವಾರ ಬಿಟ್ಟುಹೋದರೆ ಚಿಂತೆಯಿಲ್ಲ. ಕಾರ್ತಿಕದಿಂದ ಮಾಘದವರೆಗಿನ ಮುಂಜಾವುಗಳನ್ನು ಮಾತ್ರ ಒಂದನ್ನೂ ಬಿಡಬಾರದು.